ವಾರಗಿತ್ತಿಯ ಪಾಲಿನ ಹುಣಸೆಮರ

ಹಿತ್ತಲಿನ ಹುಣಸೆಮರ ನಮ್ಮ ಪಾಲಿಗೇ ಬರುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಭಾಗ ಮಾಡಿಕೊಡಲು ಬಂದ ಊರಿನ ಹಿರಿಯರು ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಗದ್ದೆ ಯಾರಿಗೆ, ಹೊಲ ಯಾರಿಗೆ, ಎತ್ತು ಯಾರಿಗೆ ಎಂಬುದೊಂದೂ ನನ್ನ ತಲೆಗೆ ಹೋಗಲಿಲ್ಲ. ಕೊನೆಗೆ ಹಿತ್ತಲಿಗೆ ಬಂದು ಹಗ್ಗ ಹಿಡಿದು ಅಳೆದರು. ಬಾವಿ ಇರುವ ಕಡೆ ಕಿರಿಯವನಿಗೆ, ಮರ ಇರುವ ಕಡೆ ಹಿರಿಯವನಿಗೆ ಎಂದರು. ಕಿರಿಯವನೆಂದರೆ ನನ್ನ ಗಂಡ. ನಾನು ಹೊಸಿಲು ದಾಟಿ ಗಂಡಸರ ಮುಂದೆಯೇ ಬಂದು ನಿಂತುಬಿಟ್ಟೆ.

"ಬಾವಿ ಭಾವನೋರೇ ತಗಳ್ಲಿ. ನಮಗೆ ಮರ ಇರ್ಲಿ," ಅಂದೆ.

ನನ್ನ ಗಂಡನಿಗೆ ಅವಮಾನವಾಯಿತು. "ಬಾವಿ ಬುಟ್ಟು ಮರ ಕೇಳೋಳ್ನ ಎಲ್ಲಾರ ಕಂಡಿದ್ದೀರಾ?" ಎಂದು ಹಿರಿಯರಿಗೆ ಹೇಳಿ ನಕ್ಕು, ನನ್ನ ಕಡೆ ತಿರುಗಿ, "ಸುಮ್ಕೆ ಒಳೀಕ್ ಓಗು," ಅಂದ. ಎಲ್ಲರೂ ನಕ್ಕರು. ನಗದೆ ಇದ್ದವಳು ಒಬ್ಬಳೇ, ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಮರವನ್ನು ನೋಡಿದಳು. ಅಲ್ಲಿಯವರೆಗೆ ಅವಳಿಗೆ ಆ ಮರ ಕಂಡರೆ ಆಗುತ್ತಿರಲಿಲ್ಲ. ಅದರ ಮೇಲೆ ಆಸೆ ಹುಟ್ಟಿದ್ದು ಆ ಗಳಿಗೆಯಲ್ಲೇ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮೂರು ಸಂತೆಬಾಚಹಳ್ಳಿಗೆ ಹತ್ತಿರದ ಒಂದು ಹಳ್ಳಿ. ಊರ ಮುಂದೆ ಕೆರೆ, ಕೆರೆಯ ಅಂಗಳದಲ್ಲಿ ಗೊಬ್ಬಳಿ ಮರಗಳು, ನಮ್ಮ ಹಿತ್ತಲಿನಲ್ಲಿ ಈ ಹುಣಸೆ. ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಅದರ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತಿದ್ದವು. ಉದ್ದ ಹಳದಿ ಕೊಕ್ಕು, ಬಿಳಿ ಮೈಗೆ ಕಪ್ಪು ಪಟ್ಟೆ, ಬಾಲದ ಹತ್ತಿರ ಯಾರೋ ಕುಂಕುಮದ ನೀರು ಚೆಲ್ಲಿದ ಹಾಗೆ ಗುಲಾಬಿ. ದೊಡ್ಡವು ಕೂಗುವುದಿಲ್ಲ, ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಎನ್ನಿಸುತ್ತವೆ ಅಷ್ಟೇ. ಗದ್ದಲವೆಲ್ಲ ಮರಿಗಳದ್ದು.

ನನ್ನ ತವರು ಬೆಳಗೊಳ. ಅಲ್ಲಿ ಹೊಳೆಗೆ ಬಟ್ಟೆ ಒಗೆಯಲು ಹೋದರೆ ಬಂಡೆಗಳ ಮೇಲೆ ಇವೇ ಹಕ್ಕಿಗಳು ಒಂಟಿ ಕಾಲಿನಲ್ಲಿ ನಿಂತಿರುತ್ತಿದ್ದವು. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಹಬ್ಬಕ್ಕೆ ಬಾ ಎಂದು ಕರೆಯುವವರು ಯಾರೂ ಇರಲಿಲ್ಲ. ಮೊದಲ ವರ್ಷ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಾಗ ಹಿತ್ತಲಲ್ಲಿ ರೆಕ್ಕೆ ಬಡಿದ ಸದ್ದಾಯಿತು. ಮುದ್ದೆಕೋಲು ಹಿಡಿದುಕೊಂಡೇ ಹೊರಗೆ ಓಡಿದೆ. ಮರದ ತುದಿಯಲ್ಲಿ ಅವು ಕೂತಿದ್ದವು. ನಾನು ಅಳುವುದನ್ನು ನೋಡಿ ಅತ್ತೆ ಹತ್ತಿರ ಬಂದರು.

"ಬಾಣಂತನಕ್ಕೆ ಬಂದವ್ರೆ ಕಣವ್ವ ಇವ್ರು. ನಿನ್ ತವ್ರಿನ ಕಡೆಯೋರೇ ಅನ್ಕೊ," ಅಂದರು.

ಅತ್ತೆ ಇರುವಷ್ಟು ದಿನವೂ ಮರಿಗಳು ಹಾರಿಹೋಗುವ ತನಕ ಆ ಮರಕ್ಕೆ ಗಳ ಹಾಕಿ ಹಣ್ಣು ಬಡಿಯುವ ಹಾಗಿರಲಿಲ್ಲ. ಅಷ್ಟರಲ್ಲಿ ಹಣ್ಣು ಉದುರಿ ಅರ್ಧ ಹುಳು ಬಿದ್ದಿರುತ್ತಿತ್ತು. ಊರವರೆಲ್ಲ ಹೊಸ ಹುಣಸೆಹಣ್ಣು ಕುಟ್ಟಿ ಮಡಕೆಗೆ ತುಂಬುವಾಗ ನಾವು ಅವರಿಂದ ಕೊಳ್ಳುತ್ತಿದ್ದೆವು. ಅದಕ್ಕೆ ಬದಲಾಗಿ ಮರದ ಕೆಳಗೆ ಬೀಳುತ್ತಿದ್ದ ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನ ಜೊತೆ ಬೆರೆಸಿ ಹೊಲಕ್ಕೆ ಹಾಕುತ್ತಿದ್ದೆವು. ರಾಗಿ ಚೆನ್ನಾಗಿ ಬರುತ್ತಿತ್ತು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಕೆಲಸ ನನ್ನದಾಯಿತು. ಬಿದಿರಿನ ಮಂಕರಿಬುಟ್ಟಿ ಕವುಚಿ ಅದರೊಳಗೆ ಬಿಟ್ಟು, ಕೆರೆಯಲ್ಲಿ ಬಲೆ ಬೀಸುವವರಿಂದ ಚಿಳ್ಳೆ ಮೀನು ಈಸಿಕೊಂಡು ತಿನ್ನಿಸುತ್ತಿದ್ದೆ. ಬಾಲದ ಕಡೆಯಿಂದ ಕೊಟ್ಟರೆ ಮೀನಿನ ರೆಕ್ಕೆಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ತಲೆಯ ಕಡೆಯಿಂದಲೇ ಕೊಡಬೇಕು. ಅದನ್ನು ಒಂದು ಮರಿ ನನ್ನ ಕೈಯಲ್ಲೇ ಸತ್ತ ಮೇಲೆ ಕಲಿತೆ.

ಆಗೆಲ್ಲ ವಾರಗಿತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹಿತ್ತಲಿಗೆ ಬರುತ್ತಿದ್ದಳು. ಒಗೆದು ಹಾಕಿದ ಸೀರೆಯ ಮೇಲೆ ಬಿಳಿ ಹಿಕ್ಕೆ ಬಿದ್ದರೆ ನನ್ನನ್ನೇ ಬೈಯುತ್ತಿದ್ದಳು. "ನಿನ್ ನೆಂಟ್ರು ಮಾಡಿರೋ ಕೆಲ್ಸ ನೋಡಮ್ಮಿ," ಎನ್ನುತ್ತಿದ್ದಳು. ನನಗೆ ಬೇಜಾರಾಗುತ್ತಿರಲಿಲ್ಲ. ನನ್ನ ನೆಂಟರು ಎಂದಳಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಅಂಥವಳ ಪಾಲಿಗೆ ಮರ ಹೋಯಿತು. ಹಿತ್ತಲಿನ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಎದ್ದಿತು. ಮರ ನನಗೆ ಕಾಣುತ್ತಿತ್ತು, ಅದರ ನೆರಳು ಸಂಜೆ ಹೊತ್ತು ನನ್ನ ಬಾವಿಯ ಮೇಲೂ ಬೀಳುತ್ತಿತ್ತು, ಆದರೆ ಕೆಳಗೆ ಹೋಗಿ ನಿಲ್ಲುವ ಹಾಗಿರಲಿಲ್ಲ. ಆ ವರ್ಷ ಕೊಕ್ಕರೆಗಳು ಬಂದಾಗ ನಾನು ಒಂದು ಹುಚ್ಚು ಆಸೆ ಇಟ್ಟುಕೊಂಡೆ. ನನ್ನ ಕಡೆ ಒಂದು ಬೇವಿನ ಮರವಿತ್ತು. ಯಜಮಾನನಿಗೆ ದುಂಬಾಲು ಬಿದ್ದು, ಅದರ ಕವಲಿನಲ್ಲಿ ಬಿದಿರಿನ ತಡಿಕೆ ಕಟ್ಟಿಸಿ, ಮೇಲೆ ಒಣಕಡ್ಡಿ ಹರಡಿಸಿದೆ. ಬುಡದಲ್ಲಿ ಮೀನು ಇಟ್ಟೆ.

"ಕೊಕ್ಕರೆಗ್ ಮನೆ ಕಟ್ಸಿ ಬಾಡಿಗೆಗ್ ಬುಡ್ತೀಯಾ?" ಎಂದು ಅವನು ಏಣಿಯ ಮೇಲಿಂದಲೇ ನಕ್ಕ.

ಮೀನನ್ನು ಬೆಕ್ಕು ತಿಂದಿತು. ತಡಿಕೆಯ ಮೇಲೆ ಕಾಗೆ ಗೂಡು ಕಟ್ಟಿತು. ಗೋಡೆಯಾಚೆ ವಾರಗಿತ್ತಿ ಅದನ್ನು ನೋಡಿ ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ದಿನ ಜೋರು ಗಾಳಿ ಎದ್ದು ಅವಳ ಕಡೆ ಮರಿಯೊಂದು ಬಿತ್ತು. ನಾನು ಗೋಡೆಯ ಮೇಲೆ ಕೈಯಿಟ್ಟು ಬಗ್ಗಿ ನೋಡಿದೆ. "ಅಕ್ಕ, ಇತ್ತ ಕೊಡು, ನಾ ನೋಡ್ಕತೀನಿ," ಅಂದೆ. ಅವಳು ನನ್ನನ್ನೇ ನೋಡುತ್ತಾ ನಿಧಾನವಾಗಿ ಬಗ್ಗಿದಳು. ಮೂಗಿನಿಂದ ಸೆರಗು ತೆಗೆದಳು. ಮರಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ನಮ್ ಮರದ್ದು. ನಾನೇ ನೋಡ್ಕತೀನಿ ಬುಡು," ಅಂದಳು.

ಮಾರನೆಯ ದಿನದಿಂದ ಅವಳ ಹಿತ್ತಲಲ್ಲೂ ಮಂಕರಿ ಕಾಣಿಸಿಕೊಂಡಿತು. ಮರಿ ಸಾಯಲಿ ಎಂದು ನಾನು ಬಯಸಲಿಲ್ಲ. ಆದರೆ ಅವಳ ಕೈಯಿಂದ ಅದು ತಿನ್ನದಿರಲಿ, ಹಟ ಹಿಡಿದು ಕೂತು ಕೊನೆಗೆ ಅವಳು ನನ್ನನ್ನೇ ಕರೆಯುವ ಹಾಗೆ ಆಗಲಿ ಎಂದು ಬಯಸಿದೆ. ಅದು ಗಬಗಬ ತಿಂದಿತು. ಅವಳು ಮೀನನ್ನು ತಲೆಯ ಕಡೆಯಿಂದಲೇ ಕೊಡುತ್ತಿದ್ದಳು. ಮೂಗು ಮುಚ್ಚಿಕೊಂಡಿದ್ದ ವರ್ಷಗಳಲ್ಲೂ ಅವಳು ನನ್ನನ್ನು ಗಮನಿಸುತ್ತಲೇ ಇದ್ದಳು ಎಂದು ಆಗ ಗೊತ್ತಾಯಿತು. ಮರಿ ದೊಡ್ಡದಾಗಿ ಅವಳ ಹಿಂದೆಯೇ ಅಡುಗೆಮನೆಯ ಬಾಗಿಲವರೆಗೂ ಉದ್ದುದ್ದ ಕಾಲು ಹಾಕಿಕೊಂಡು ಓಡಾಡುವುದನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು.

ಮುಂದಿನ ವರ್ಷ ಮೈಸೂರಿನ ಕಾಲೇಜಿನ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ರಂಗನತಿಟ್ಟಿನ ಆಚೆ ಈ ಕಡೆಯ ಕೆರೆಗಳಲ್ಲಿ ಎಲ್ಲೆಲ್ಲಿ ಹಕ್ಕಿಗಳಿವೆ ಎಂದು ನೋಡುತ್ತಾ ಪಾಂಡವಪುರದ ಕಡೆಯಿಂದ ಬಂದಿದ್ದರಂತೆ. ದುರ್ಬೀನು ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತರು. ಭಾವ ಅವರಿಗೆ ಕುರ್ಚಿ ಹಾಕಿಸಿದ. ವಾರಗಿತ್ತಿ ಹೊಸ ಸೀರೆ ಉಟ್ಟು ಬಂದು ಮಂಕರಿಯ ಪಕ್ಕ ನಿಂತಳು. ಹುಡುಗಿಯರು ಅವಳ ಫೋಟೋ ತೆಗೆದರು.

"ನಮ್ಮತ್ತೆ ಇವ್ನ ಬಾಣಂತನಕ್ ಬಂದೋರು ಅಂತಿದ್ರು. ನಾನೂ ಅಂಗೇ ನೋಡ್ಕತೀನಿ," ಎಂದು ಅವಳು ಹೇಳುವುದು ನನಗೆ ಗೋಡೆಯ ಈಚೆಗೆ ಕೇಳಿಸಿತು. ಮೇಷ್ಟ್ರು ಅದನ್ನು ಬರೆದುಕೊಂಡರು.

ನನ್ನ ಕೈಲಿ ಸುಮ್ಮನಿರಲು ಆಗಲಿಲ್ಲ. ದೊಡ್ಡ ಚೊಂಬಿನ ತುಂಬಾ ಕಾಫಿ ಮಾಡಿಕೊಂಡು ಬೀದಿ ಸುತ್ತಿ ಅವಳ ಮನೆಯ ಮುಂದಿನಿಂದ ಹಿತ್ತಲಿಗೆ ಹೋದೆ. ಯಾರಾದರೂ ಕೇಳುತ್ತಾರೆ, ಆಗ ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡಿದ್ದೆ. ಹುಡುಗಿಯೊಬ್ಬಳು ಲೋಟ ತೆಗೆದುಕೊಂಡು "ಥ್ಯಾಂಕ್ಸ್ ಆಂಟಿ" ಎಂದು, ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಮರದ ಬುಡಕ್ಕೆ ಹೋದಳು. ಅವರು ಹೊರಡುವವರೆಗೂ ನಾನು ಆ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ಹೊರಡುವಾಗ ಮೇಷ್ಟ್ರು ವಾರಗಿತ್ತಿಗೆ ಕೈಮುಗಿದರು. ಅಂದಿನಿಂದ ಊರಲ್ಲಿ ಅವಳಿಗೆ ಕೊಕ್ಕರೆ ಅಕ್ಕ ಎಂಬ ಹೆಸರು ಬಿತ್ತು. ಕೆ.ಆರ್. ಪೇಟೆಯ ಬಸ್ಸಿನಲ್ಲಿ ಒಂದು ಸಲ ಪಕ್ಕದಲ್ಲಿ ಕೂತ ಹೆಂಗಸು ನನ್ನ ಊರಿನ ಹೆಸರು ಕೇಳಿ, "ಓ, ಕೊಕ್ಕರೆ ಅಕ್ಕನ್ ಊರಾ?" ಅಂದಳು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಇನ್ನೆರಡು ವರ್ಷ ಹೀಗೇ ನಡೆಯಿತು. ಊರಿಗೆ ನಲ್ಲಿ ಬಂತು, ಬಾವಿಯ ನೀರನ್ನು ಸೇದುವವರು ಕಮ್ಮಿಯಾದರು. ಭಾವನ ಮಗನಿಗೆ ಮದುವೆ ಗೊತ್ತಾಯಿತು. ಸೊಸೆ ಬರುವುದರೊಳಗೆ ಒಂದು ಹೊಸ ಕೋಣೆ ಆಗಬೇಕಿತ್ತು. ಕಟ್ಟಲು ಇದ್ದ ಜಾಗವೆಲ್ಲ ಹುಣಸೆಮರದ್ದು. ಇಟ್ಟಿಗೆ ಸುಡುವ ಗೂಡಿಗೆ ಹುಣಸೆ ಸೌದೆಯಷ್ಟು ಕಾವು ಬೇರೆ ಯಾವುದೂ ಕೊಡುವುದಿಲ್ಲ. ಮರ ಕೊಟ್ಟರೆ ಕೋಣೆಗೆ ಬೇಕಾದ ಇಟ್ಟಿಗೆಯೇ ಬರುತ್ತದೆ ಎಂದು ಯಾರೋ ಹೇಳಿದರು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕೆ.ಆರ್. ಪೇಟೆಯಿಂದ ಮರದ ವ್ಯಾಪಾರದ ಸಾಬರು ಬಂದು ಮರವನ್ನು ಸುತ್ತ ತಿರುಗಿ ನೋಡಿದರು. ನಾನು ಬಾವಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದವಳು ಕೈ ನಿಲ್ಲಿಸಿದೆ.

"ಮರ ಅಚ್ಛಾ ಐತೆ," ಅಂದರು ಸಾಬರು. "ಆದ್ರೆ ಅಣ್ಣಾ, ಮ್ಯಾಲೆ ಬಚ್ಚೆ ಅವೆ. ಈಗ ಗರಗಸ ಹಾಕಿದ್ರೆ ಗುನಾ ಆಯ್ತದೆ, ಪಾಪ ಬತ್ತದೆ. ಮಳೆ ಬೀಳ್ಲಿ, ಅವು ಓಗ್ಲಿ, ಆಮ್ಯಾಕೆ ಬತ್ತೀನಿ."

"ಅಂಗೇ ಆಗ್ಲಿ ಬುಡಿ," ಅಂದ ಭಾವ. ವಾರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೂಂ ಎಂಬಂತೆ ತಲೆಯಾಡಿಸಿ ಒಳಗೆ ಹೋದಳು.

ನನಗೆ ಮೊದಲು ಅನ್ನಿಸಿದ್ದು ಖುಷಿ. ಇನ್ನು ಕೊಕ್ಕರೆ ಅಕ್ಕ ಎಂದು ಯಾರು ಕರೆಯುತ್ತಾರೆ, ಮೇಷ್ಟ್ರು ಯಾರಿಗೆ ಕೈಮುಗಿಯುತ್ತಾರೆ ನೋಡೋಣ ಎಂದುಕೊಂಡೆ. ಪಾತ್ರೆಯನ್ನು ಎಂದಿಗಿಂತ ಜೋರಾಗಿ ಉಜ್ಜಿದೆ. ನನಗಿಲ್ಲದ್ದು ಅವಳಿಗೂ ಬೇಡ ಎಂಬ ಸಮಾಧಾನದಲ್ಲೇ ಆ ದಿನ ಊಟ ಮಾಡಿದೆ.

ಆದರೆ ಅದು ತುಂಬಾ ಬಿಸಿಲಿನ ವರ್ಷ. ಮಧ್ಯಾಹ್ನದ ಹೊತ್ತು ಮರದ ತುದಿಯಲ್ಲಿ ತಾಯಿಹಕ್ಕಿಗಳು ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಯನ್ನು ಕೊಡೆಯ ಹಾಗೆ ಹರಡಿ, ಮರಿಗಳಿಗೆ ನೆರಳು ಮಾಡಿ ನಿಂತಿರುತ್ತಿದ್ದವು. ಬಾಯಿ ತೆರೆದು ಏದುಸಿರು ಬಿಡುತ್ತಾ ಗಂಟೆಗಟ್ಟಲೆ ಹಾಗೇ ನಿಲ್ಲುತ್ತಿದ್ದವು. ಜೋಡಿಯ ಇನ್ನೊಂದು ಹಕ್ಕಿ ಕೆರೆಗೆ ಹೋಗಿ ಗಂಟಲಲ್ಲಿ ನೀರು ತುಂಬಿಕೊಂಡು ಬಂದು ಮರಿಗಳ ಬಾಯಿಗೆ, ಮೈಗೆ ಸುರಿಯುತ್ತಿತ್ತು. ಅದನ್ನು ಮೊದಲೂ ನೋಡಿದ್ದೆ. ಈ ಸಲ ಒಂದು ಮಧ್ಯಾಹ್ನ ನೋಡುತ್ತಾ ನಿಂತಾಗ ಮಾತ್ರ, ಮುಂದಿನ ಸಂಕ್ರಾಂತಿಗೆ ಇವು ಹಾರಿ ಬಂದು ಇಲ್ಲಿ ಬರೀ ಇಟ್ಟಿಗೆಯ ಕೋಣೆ ಕಂಡು ಮೇಲೇ ಸುತ್ತುವುದು ಕಣ್ಣಿಗೆ ಕಟ್ಟಿತು. ಸುತ್ತಲ ಊರುಗಳಲ್ಲಿ ದೊಡ್ಡ ಮರಗಳು ಆಗಲೇ ಇಟ್ಟಿಗೆ ಗೂಡಿಗೆ ಹೋಗಿದ್ದವು. ಎಲ್ಲಿಗೆ ಹೋಗುತ್ತವೆ ಇವು? ನನ್ನ ಖುಷಿಯೆಲ್ಲ ಇಳಿದುಹೋಯಿತು. ಹೊಟ್ಟೆಯುರಿ ಮಾತ್ರ ಇಳಿಯಲಿಲ್ಲ. ಅದು ಇದ್ದ ಹಾಗೇ ಇತ್ತು, ಅದರ ಪಕ್ಕದಲ್ಲಿ ಭಯವೂ ಬಂದು ಕೂತಿತು.

ಗಂಡನನ್ನು ಒಪ್ಪಿಸಲು ಹಲವು ದಿನ ಬೇಕಾಯಿತು. ನಲ್ಲಿ ಬಂದಿದೆ, ಬಾವಿ ಯಾರಿಗೆ ಬೇಕು, ಬಾವಿಯ ಪಕ್ಕದ ಖಾಲಿ ಜಾಗ ಅವರಿಗೆ ಕೊಟ್ಟು ಮರದ ಜಾಗ ನಾವು ತೆಗೆದುಕೊಳ್ಳೋಣ ಎಂದೆ. "ನಿಂಗೆ ಆ ಮರದ್ ಹುಚ್ಚು ಸಾಯೋಗಂಟ ಬುಡಾಕಿಲ್ಲ," ಎಂದು ಗೊಣಗಿದ, ಆಮೇಲೆ "ಏನಾರ ಮಾಡ್ಕೊ" ಅಂದ.

ಭಾಗವಾದ ಮೇಲೆ ಕಾಫಿಯ ದಿನ ಒಂದು ಬಿಟ್ಟರೆ ನಾನು ಅವಳ ಹೊಸಿಲು ತುಳಿದಿರಲಿಲ್ಲ. ಹೋದಾಗ ಅವಳು ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ಕೂತ್ಕೊ ಅನ್ನಲಿಲ್ಲ, ನಾನೇ ಕೂತೆ. ಬಂದ ವಿಷಯ ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು.

"ಬಾವಿ ಕಡೆ ಜಾಗ ಎಲ್ಲಾವ ಕೊಡ್ತೀಯಾ?"

"ಎಲ್ಲಾವ ಕೊಡ್ತೀನಿ ಅಕ್ಕ."

"ಬರೀ ಈ ಮರಕ್ಕೆ?"

"ಹೂಂ."

"ಆಮ್ಯಾಕೆ ಮೈಸೂರ್ನೋರು ಬಂದ್ರೆ ನಿನ್ ಪಟ ಇಡ್ಕತಾರೆ. ಅಲ್ವಾ?"

ನನಗೆ ಇಡ್ಕಂಡ್ರೆ ತಪ್ಪೇನು ಎಂದು ಹೇಳಬೇಕೆನ್ನಿಸಿತು. "ಮೊದ್ಲಿಂದ ಸಾಕಿದೋಳು ನಾನು. ನೀನು ಮೂಗು ಮುಚ್ಕತಿದ್ದೆ," ಅಂದೆ.

ಅವಳು ಮೊರ ಕೆಳಗಿಟ್ಟಳು. "ಅತ್ತೆ ಸಾಯೋಗಂಟ ನಿನ್ ಮಾತೇ ಆಡ್ತಿದ್ರು. ಕಿರಿಯೋಳು ಅಂಗೆ, ಕಿರಿಯೋಳು ಇಂಗೆ, ಅಕ್ಕಿ ಮರೀನ ಮಕ್ಳಂಗೆ ಸಾಕ್ತಾಳೆ ಅಂತ. ನಾ ಈ ಮನೆಗೆ ನಿನಗಿಂತ ಮೊದ್ಲು ಬಂದೋಳು. ನನ್ನ ಯಾರಾರ ಒಂದ್ ದಿನ ಒಳ್ಳೇಳು ಅಂದಿದ್ರಾ? ಈ ಮರ ಬಂದ್ಮೇಲೆ ಅಂದ್ರು. ಸೌದೆ ಆದ್ರೂ ಆಗ್ಲಿ, ನಿಂಗ್ ಮಾತ್ರ ಕೊಡಾಕಿಲ್ಲ."

ನಾನು ಎದ್ದು ಬಂದೆ. ಅವಳಿಗೂ ನನ್ನ ಮೇಲೆ ಅಷ್ಟು ವರ್ಷದಿಂದ ಹೊಟ್ಟೆಯುರಿ ಇತ್ತು ಎಂಬುದು ನನಗೆ ಹೊಸ ಸುದ್ದಿ. ಅದರಿಂದ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಮರ ಹೋದ ಹಾಗೇ ಎಂದುಕೊಂಡು ಬಾವಿಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಆ ಸಂಜೆ ಗೋಡೆಯಾಚೆ ಜಗಳ ಶುರುವಾಯಿತು. ಭಾವ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಅವಳ ದನಿ ಏರಿತು.

"ಮರ ಮುಟ್ಟಿದ್ರೆ ನಾ ಈ ಮನೇಲಿರಾಕಿಲ್ಲ. ಬಾವೀನೂ ಜಾಗಾನೂ ಕೊಟ್ಟು ಈಸ್ಕತೀನಿ ಅಂತ ಬಂದವ್ಳೆ ಅವ್ಳು. ಅಂಥ ಮರಾನ ನೀನು ಇಟ್ಗೆ ಗೂಡಿಗೆ ಆಕ್ತೀಯಾ?"

"ನಿನ್ನೆಗಂಟ ಊ ಅಂದಿದ್ದೆ ಕಣೆ ನೀನು!"

"ನಿನ್ನೆ ಅವ್ಳು ಬಂದಿರ್ಲಿಲ್ಲ."

ನಾನು ಕೊಡ ಕೆಳಗಿಟ್ಟು ಗೋಡೆಗೆ ಒರಗಿ ನಿಂತೆ. ನಗಬೇಕೋ ಕೋಪ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ನನ್ನ ಮೇಲಿನ ಮತ್ಸರದಿಂದಲೇ ಅವಳು ಮರವನ್ನು ಉಳಿಸಲು ಹೊರಟಿದ್ದಳು. ಆ ಉಪಕಾರವನ್ನು ಅವಳಿಂದ ಪಡೆಯುವುದೂ ನನಗೆ ಕಷ್ಟವಾಯಿತು.

ಮಳೆ ಬಿತ್ತು. ಮರಿಗಳು ಒಂದೊಂದಾಗಿ ಹಾರಿಹೋದವು. ಸಾಬರು ಮಾತಿನಂತೆ ಗರಗಸದವರನ್ನು ಕರೆದುಕೊಂಡು ಬಂದರು. ವಾರಗಿತ್ತಿ ಮರದ ಬುಡಕ್ಕೆ ಚಾಪೆ ಹಾಸಿ ಕೂತಿದ್ದಳು. ಭಾವ ಎಷ್ಟು ಕೂಗಾಡಿದರೂ ಏಳಲಿಲ್ಲ. ಸಾಬರು ಸ್ವಲ್ಪ ಹೊತ್ತು ನೋಡಿ ತಮ್ಮ ಜನರಿಗೆ ಗರಗಸ ಗಾಡಿಗೆ ಹಾಕಲು ಹೇಳಿದರು.

"ಮನೆ ಹೆಂಗಸ್ರು ಒಪ್ದೆ ನಾ ಮರ ಕೊಯ್ಯಾಕಿಲ್ಲ ಅಣ್ಣಾ," ಅಂದವರು ಗೋಡೆಯ ಈಚೆಗೆ ನೋಡಿದರು. ನಾನು ಅಲ್ಲೇ ನಿಂತಿದ್ದೆ. "ನಿಮ್ ತಮ್ಮನ್ ಕಡೆ ಇಷ್ಟು ಜಾಗ ಖಾಲಿ ಬಿದ್ದೈತಲ್ಲ. ಕೇಳಿ, ರೂಮು ಅಲ್ಲೇ ಕಟ್ಕಳಿ."

ಅಣ್ಣತಮ್ಮಂದಿರಿಬ್ಬರೂ ಒಂದು ಬೀಡಿ ಸೇದುವಷ್ಟರಲ್ಲಿ ಒಪ್ಪಿಕೊಂಡರು. ಅವರ ನಡುವೆ ಮೊದಲಿಂದಲೂ ಏನೂ ಇರಲಿಲ್ಲ, ಇದ್ದದ್ದೆಲ್ಲ ನಮ್ಮಿಬ್ಬರದು. ನಾನು ಒಂದೇ ಷರತ್ತು ಹಾಕಿದೆ. ಮರ ಅವಳದೇ ಆಗಿರಲಿ, ಆದರೆ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ದಾರಿ ಬೇಕು ಎಂದೆ. ಅವಳು ತಲೆ ಆಡಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಭಾವನೇ ಹಾರೆ ತಂದು ಗೋಡೆ ಒಡೆದ. ಹೀಗೆ ನನ್ನ ಬಾವಿಯ ಪಕ್ಕ ಅವಳ ಸೊಸೆಯ ಕೋಣೆ ಎದ್ದಿತು, ನಾನು ಮತ್ತೆ ಆ ಮರದ ಕೆಳಗೆ ಹೋಗಿ ನಿಂತೆ.

ಅದರಿಂದ ನಾವು ಅಕ್ಕತಂಗಿಯರಾಗಿಬಿಟ್ಟೆವು ಎಂದು ತಿಳಿಯಬೇಡಿ. ಮರಿ ಬಿದ್ದ ಸದ್ದಾದರೆ ಇಬ್ಬರೂ ಓಡುತ್ತಿದ್ದೆವು, ಮೊದಲು ಮುಟ್ಟಿದವರದ್ದು ಮರಿ. ಅವಳು ಸಾಕಿದ ಮರಿ ನನ್ನದಕ್ಕಿಂತ ಮೊದಲು ಹಾರಿದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕೆರೆಯ ಮೀನಿನ ಗುತ್ತಿಗೆ ಹಿಡಿದವನು ತೂಬು ಎತ್ತಿಸಿ ಇದ್ದಷ್ಟು ನೀರನ್ನೂ ಹರಿಸಲು ಹೊರಟ. ನೀರು ಬತ್ತಿದರೆ ಮೀನನ್ನು ಕೈಯಲ್ಲೇ ಬಾಚಿಕೊಳ್ಳಬಹುದು. ಆದರೆ ಗೂಡಿನಲ್ಲಿ ಮರಿಗಳು ಸಣ್ಣವಿದ್ದವು. ನಾವಿಬ್ಬರೂ ಏರಿಯ ಮೇಲೆ ಹೋದೆವು. ನಾನು ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು.

"ಯಾಕ್ಲಾ, ಕೆರೆ ನಿಮ್ಮಪ್ಪ ಕಟ್ಸಿದ್ನಾ? ನಮ್ ದನ ಏನ್ ಕುಡೀಬೇಕು, ಆ ಅಕ್ಕಿಗೋಳು ಏನ್ ತಿನ್ಬೇಕು? ತೂಬು ಇಳ್ಸು, ಇಲ್ದಿದ್ರೆ ನಾ ಇಲ್ಲೇ ಕೂತ್ಕತೀನಿ, ನನ್ ಮ್ಯಾಲೇ ಬುಡು ನೀರ್ನ."

ಏರಿಯ ಮೇಲೆ ಜನ ಸೇರಿತು. ತೂಬು ಇಳಿಯಿತು. ಎಲ್ಲರೂ ಅವಳನ್ನು ಹೊಗಳಿದರು. ನಾನು ಜೋಡಿಸಿಕೊಂಡಿದ್ದ ಮಾತುಗಳು ಹಾಗೇ ಉಳಿದವು. ಕೆರೆ ಉಳಿದ ನೆಮ್ಮದಿಯಿಂದ ಮನೆಗೆ ಬಂದೆ, ಇಷ್ಟು ಚೆನ್ನಾಗಿ ಬೈಯುವುದು ನನಗೆ ಬರುವುದಿಲ್ಲವಲ್ಲ ಎಂದು ಒಳಗೇ ಕುದಿಯುತ್ತಲೇ ಬಂದೆ.

ದಶಕದ ಕೊನೆಗೆ ಒಂದು ವರ್ಷ ಮಳೆ ಕೈಕೊಟ್ಟು ಕೆರೆ ಅರ್ಧವೂ ತುಂಬಲಿಲ್ಲ. ಸಂಕ್ರಾಂತಿ ಕಳೆಯಿತು, ಕೊಕ್ಕರೆಗಳ ಸುಳಿವಿಲ್ಲ. ನಾನು ದಿನಾ ಬೆಳಿಗ್ಗೆ ಒಬ್ಬಳೇ ಏರಿಗೆ ಹೋಗಿ ನೋಡಿ ಬರುತ್ತಿದ್ದೆ. ಬರುವುದಾದರೆ ನನಗೇ ಮೊದಲು ಕಾಣಲಿ ಎಂಬ ಆಸೆ. ಶಿವರಾತ್ರಿ ಹತ್ತಿರವಾದಾಗ ಒಂದು ಬೆಳಿಗ್ಗೆ ಮಂಜಿನಲ್ಲಿ ಏರಿ ಹತ್ತಿದೆ. ವಾರಗಿತ್ತಿ ಆಗಲೇ ಅಲ್ಲಿ ನಿಂತಿದ್ದಳು, ಶಾಲನ್ನು ತಲೆಯ ಮೇಲಿಂದ ಹೊದ್ದುಕೊಂಡು.

"ಬಂದ್ವಾ ಅಕ್ಕ?" ಅಂದೆ.

ಅವಳು ಗೊಬ್ಬಳಿ ಮರಗಳ ಕಡೆ ಕೈ ತೋರಿಸಿದಳು. ಕೆಸರಿನಂಚಿನಲ್ಲಿ ಬಿಳಿಯ ಮೈಗಳು, ಎಂದಿಗಿಂತ ಕಮ್ಮಿ, ತಲೆ ತಗ್ಗಿಸಿ ನೀರಿನಲ್ಲಿ ಕೊಕ್ಕು ಆಡಿಸುತ್ತಿದ್ದವು.

"ನಾನೇ ಮೊದ್ಲು ನೋಡಿದ್ದು," ಅಂದಳು.

ನನ್ನ ಹೊಟ್ಟೆ ಉರಿಯಿತು. ಅವಳ ಪಕ್ಕದಲ್ಲಿ ಹೋಗಿ ನಿಂತುಕೊಂಡೆ.